ಫಲಿತಾಂಶ ಎಲ್ಲರಿಗೂ ಗೊತ್ತಿರುವಾಗ ಪಂದ್ಯದ ವರದಿ ಯಾರಿಗೆ ಬೇಕು?

1903ರಲ್ಲಿ ಮೊದಲ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆ ನಡೆದದ್ದು ಕ್ರೀಡೆಯ ಉದ್ಧಾರಕ್ಕಲ್ಲ, ಒಂದು ಪತ್ರಿಕೆಯ ಪ್ರಸಾರ ಹೆಚ್ಚಿಸುವುದಕ್ಕೆ. ‘ಲೋಟೊ’ ಎಂಬ ಆ ಪತ್ರಿಕೆ ‘ಲ ವೆಲೊ’ ಎಂಬ ಪ್ರತಿಸ್ಪರ್ಧಿಯ ಎದುರು ಸೊರಗುತ್ತಿತ್ತು. ಇಡೀ ದೇಶವನ್ನು ಸುತ್ತುವ ಸ್ಪರ್ಧೆಯೊಂದನ್ನು ತಾನೇ ಏರ್ಪಡಿಸಿ, ಅದರ ಸುದ್ದಿಯನ್ನೂ ತಾನೇ ಕೊಟ್ಟರೆ ಓದುಗರು ತನ್ನ ಕಡೆಗೆ ಬಂದಾರು ಎಂಬುದು ಸಂಪಾದಕ ಹೆನ್ರಿ ದೆಗ್ರಾಂಜ್ ಅವರ ಲೆಕ್ಕಾಚಾರವಾಗಿತ್ತು. ಲೆಕ್ಕ ತಪ್ಪಲಿಲ್ಲ, ಮರುವರ್ಷ ಪ್ರತಿಸ್ಪರ್ಧಿ ಪತ್ರಿಕೆಯೇ ಬಾಗಿಲು ಹಾಕಿತು. ಈ ಪ್ರಸಂಗದಲ್ಲಿ ನನ್ನ ಗಮನ ಸೆಳೆಯುವುದು ಬೇರೊಂದು ಸಂಗತಿ. ಆರು ಹಂತಗಳಲ್ಲಿ, 2,400 ಕಿಲೊಮೀಟರಿಗೂ ಹೆಚ್ಚು ದೂರ, ಎಷ್ಟೋ ಕಡೆ ರಾತ್ರಿಯ ಕತ್ತಲಲ್ಲಿ ಸಾಗಿದ ಆ ಸ್ಪರ್ಧೆಯನ್ನು ಪೂರ್ತಿಯಾಗಿ ಕಂಡ ಪ್ರೇಕ್ಷಕ ಒಬ್ಬನೂ ಇರಲಿಲ್ಲ. ರಸ್ತೆಯ ಬದಿಯಲ್ಲಿ ನಿಂತವನಿಗೆ ಕಂಡದ್ದು ಧೂಳು ಮೆತ್ತಿದ ನಾಲ್ಕಾರು ಮುಖಗಳು, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು. ಯಾರು ಎಲ್ಲಿ ಹಿಂದೆ ಬಿದ್ದರು, ಯಾರು ಎಲ್ಲಿ ಮುನ್ನುಗ್ಗಿದರು, ಯಾರ ಚಕ್ರ ಎಲ್ಲಿ ಕೈಕೊಟ್ಟಿತು ಎಂಬುದೆಲ್ಲ ಒಂದು ಕಥೆಯಾಗಿ ಕೂಡಿಕೊಂಡದ್ದು ಪತ್ರಿಕೆಯ ಪುಟದಲ್ಲಿ ಮಾತ್ರ.

ಕ್ರೀಡಾ ಬರಹಕ್ಕೆ ಹಿಂದೆ ಇದ್ದ ಬೆಲೆಯ ಬಗ್ಗೆ ಮಾತನಾಡುವಾಗ ನಾವು ಈ ಅಂಶವನ್ನು ಮರೆಯುತ್ತೇವೆ. ಓದುಗನಿಗೆ ಬೇರೆ ದಾರಿಯೇ ಇರಲಿಲ್ಲ. ಅವನ ಪಾಲಿಗೆ ವರದಿಯೇ ಪಂದ್ಯವಾಗಿತ್ತು.

ಆ ಕಾಲವನ್ನು ಹೊಗಳುವವರು ಸಾಮಾನ್ಯವಾಗಿ ನೆವಿಲ್ ಕಾರ್ಡಸ್ ಅವರ ಹೆಸರು ಹೇಳುತ್ತಾರೆ. 1919ರಲ್ಲಿ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಗೆ ಕ್ರಿಕೆಟ್ ವರದಿ ಬರೆಯಲಾರಂಭಿಸಿದ ಕಾರ್ಡಸ್ ಅದೇ ಪತ್ರಿಕೆಯ ಸಂಗೀತ ವಿಮರ್ಶಕರೂ ಆಗಿದ್ದರು. ಒಂದು ಇನಿಂಗ್ಸನ್ನು ಒಂದು ಕಛೇರಿಯನ್ನು ಕೇಳಿದಂತೆ ಕೇಳಿಸಿಕೊಂಡು, ಅದರ ಲಯವನ್ನು ವಾಕ್ಯಕ್ಕೆ ಇಳಿಸುವ ಕಲೆ ಅವರಿಗೆ ಒಲಿದಿತ್ತು. ಆದರೆ ಆಟಗಾರರ ಬಾಯಿಯಲ್ಲಿ ತಾವು ಆಡಿಸಿದ ಎಷ್ಟೋ ಚಮತ್ಕಾರದ ಮಾತುಗಳು ತಮ್ಮದೇ ಕಲ್ಪನೆ ಎಂಬುದನ್ನು ಅವರೇ ಮುಂದೆ ಹೆಚ್ಚುಕಡಿಮೆ ಒಪ್ಪಿಕೊಂಡರು. ವ್ಯಕ್ತಿಯ ಸ್ವಭಾವಕ್ಕೆ ನಿಜವಾದ ಮಾತು, ಅವನು ಆಡಿರಲಿ ಬಿಡಲಿ, ಒಂದು ಮೇಲ್ಮಟ್ಟದ ಸತ್ಯ ಎಂಬುದು ಅವರ ಸಮರ್ಥನೆಯಾಗಿತ್ತು. ಈ ವಾದ ನನಗೆ ಒಪ್ಪಿಗೆಯಿಲ್ಲ. ಯಾರೂ ಪರೀಕ್ಷಿಸಲಾಗದ ಕಾಲದಲ್ಲಿ ಚೆಂದದ ಬರಹ ಎಷ್ಟು ಸುಳ್ಳನ್ನು ತನ್ನ ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳಬಲ್ಲದು ಎಂಬುದಕ್ಕೆ ಅದೊಂದು ನಿದರ್ಶನ. ಟೆಲಿವಿಷನ್ ಬಂದು, ಅದರ ಹಿಂದೆಯೇ ಮರುಪ್ರಸಾರ ಬಂದು, ವರದಿಗಾರ ಬರೆದದ್ದನ್ನು ಓದುಗ ತಾನೇ ಕಂಡದ್ದರ ಜೊತೆಗಿಟ್ಟು ನೋಡುವಂತಾದಾಗ ಕ್ರೀಡಾ ಬರಹ ಕಳೆದುಕೊಂಡದ್ದೆಲ್ಲವೂ ಅಳುವಂಥದ್ದಲ್ಲ.

ಇನ್ನೊಂದು ಮಾತು. ಪತ್ರಿಕೆಯ ಲೆಕ್ಕದ ಪುಸ್ತಕದಲ್ಲಿ ಒಳ್ಳೆಯ ಬರಹಕ್ಕೆ ಪ್ರತ್ಯೇಕ ಖಾತೆ ಎಂದೂ ಇರಲಿಲ್ಲ. ಜನ ಪತ್ರಿಕೆ ಕೊಳ್ಳುತ್ತಿದ್ದದ್ದು ಫಲಿತಾಂಶಕ್ಕೆ, ಸ್ಕೋರಿಗೆ, ಅಂಕಪಟ್ಟಿಗೆ. ಒಳ್ಳೆಯ ವಾಕ್ಯ ಅದರ ಜೊತೆಗೆ ಬಿಟ್ಟಿಯಾಗಿ ಸಿಗುತ್ತಿತ್ತು. ಫಲಿತಾಂಶ ಮೊದಲು ರೇಡಿಯೊಗೆ, ಆಮೇಲೆ ಟೆಲಿವಿಷನ್ನಿಗೆ, ಕೊನೆಗೆ ಜೇಬಿನ ಫೋನಿಗೆ ಹೋಯಿತು. ಆಗ ಬರಹ ತನ್ನ ಬೆಲೆಯನ್ನು ತಾನೇ ದುಡಿಯಬೇಕಾಯಿತು, ಅದಕ್ಕೆ ಆ ಅಭ್ಯಾಸ ಇರಲಿಲ್ಲ.

2023ರ ಜುಲೈ ತಿಂಗಳಿನಲ್ಲಿ ಒಂದೆರಡು ದಿನಗಳ ಅಂತರದಲ್ಲಿ ಬಂದ ಎರಡು ಪ್ರಕಟಣೆಗಳು ಈ ಬದಲಾವಣೆಯನ್ನು ಯಾವ ಮುಚ್ಚುಮರೆಯೂ ಇಲ್ಲದೆ ತೋರಿಸಿದವು. ‘ಲಾಸ್ ಏಂಜಲೀಸ್ ಟೈಮ್ಸ್’ ತನ್ನ ಮುದ್ರಿತ ಕ್ರೀಡಾ ಪುಟಗಳಿಂದ ಸ್ಕೋರ್‌ಪಟ್ಟಿ, ಅಂಕಪಟ್ಟಿ ಮತ್ತು ಹಿಂದಿನ ದಿನದ ಪಂದ್ಯದ ವರದಿಗಳನ್ನು ಕೈಬಿಡುವುದಾಗಿ ಹೇಳಿತು. ‘ನ್ಯೂಯಾರ್ಕ್ ಟೈಮ್ಸ್’ ತನ್ನ ಕ್ರೀಡಾ ವಿಭಾಗವನ್ನೇ ವಿಸರ್ಜಿಸುವುದಾಗಿ ಘೋಷಿಸಿತು. ಎರಡನೆಯದು ಸಣ್ಣ ವಿಭಾಗವೇನಲ್ಲ. ಆರ್ಥರ್ ಡೇಲಿ 1956ರಲ್ಲಿ, ರೆಡ್ ಸ್ಮಿತ್ 1976ರಲ್ಲಿ, ಡೇವ್ ಆಂಡರ್ಸನ್ 1981ರಲ್ಲಿ, ಜಾನ್ ಬ್ರ್ಯಾಂಚ್ 2013ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದದ್ದು ಅಲ್ಲಿಂದಲೇ. ಬರಹದ ಗುಣವೇ ಒಂದು ವಿಭಾಗವನ್ನು ಉಳಿಸುವುದಾಗಿದ್ದರೆ ಅದು ಉಳಿಯಬೇಕಿತ್ತು.

ಹಾಗೆಂದು ಕ್ರೀಡಾ ಬರಹ ಯಾರಿಗೂ ಬೇಡವಾಯಿತು ಎನ್ನುವುದೂ ತಪ್ಪಾಗುತ್ತದೆ. ಆ ವಿಭಾಗದ ಜಾಗಕ್ಕೆ ಬಂದ ‘ದಿ ಅಥ್ಲೆಟಿಕ್’ ತಾಣವನ್ನು ಅದೇ ಪತ್ರಿಕಾ ಸಂಸ್ಥೆ 2022ರಲ್ಲಿ 55 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತ್ತು. 2016ರಲ್ಲಿ ಶುರುವಾಗಿದ್ದ ಆ ತಾಣ ಜಾಹೀರಾತನ್ನು ನಂಬದೆ ಚಂದಾದಾರರನ್ನು ನಂಬಿ, ಊರೂರಿನ ಪತ್ರಿಕೆಗಳಲ್ಲಿ ಒಂದೊಂದು ತಂಡವನ್ನು ವರ್ಷಗಟ್ಟಲೆ ಹಿಂಬಾಲಿಸಿ ಬರೆಯುತ್ತಿದ್ದ ವರದಿಗಾರರನ್ನು ಒಳ್ಳೆಯ ಸಂಬಳಕ್ಕೆ ಸೆಳೆದುಕೊಂಡಿತು. ಸ್ಥಳೀಯ ಪತ್ರಿಕೆಗಳ ನೆತ್ತರು ಹರಿದು ಹೋಗುವ ತನಕ ಕಾದು, ಕೊನೆಗೆ ತಾವೊಬ್ಬರೇ ಉಳಿಯುತ್ತೇವೆ ಎಂಬರ್ಥದ ಮಾತನ್ನು ಅದರ ಸ್ಥಾಪಕರಲ್ಲೊಬ್ಬರು 2017ರಲ್ಲಿ ಆಡಿ, ಆಮೇಲೆ ಕ್ಷಮೆ ಕೇಳಿದ್ದರು. ಮಾತು ಒರಟಾಗಿತ್ತು, ಆದರೆ ವ್ಯವಹಾರದ ಲೆಕ್ಕ ಅದರಲ್ಲಿ ಸ್ಪಷ್ಟವಾಗಿತ್ತು. ಬರೆಯಲು ಬಲ್ಲವರಿಗೆ ಬೆಲೆ ಇತ್ತು. ಅವರನ್ನು ಬರೆಯಲು ಬಲ್ಲವರನ್ನಾಗಿ ಮಾಡಿದ ಜಾಗಕ್ಕೆ ಬೆಲೆ ಇರಲಿಲ್ಲ.

ನನಗೆ ಹೇಳಬೇಕೆನಿಸುವುದು ಈ ಜಾಗದ ಬಗ್ಗೆಯೇ. ಕ್ರೀಡಾ ಬರಹ ಸಾಯುತ್ತಿದೆ ಎಂಬ ಗೋಳು ಸಾಮಾನ್ಯವಾಗಿ ಮೇಲಿನ ತುದಿಯನ್ನು ನೋಡುತ್ತದೆ. 1954ರಲ್ಲಿ ಹುಟ್ಟಿ, ಒಂದು ಕಾಲಕ್ಕೆ 30 ಲಕ್ಷಕ್ಕೂ ಮೀರಿದ ಪ್ರಸಾರ ಕಂಡಿದ್ದ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ವಾರಪತ್ರಿಕೆಯಿಂದ ಮಾಸಪತ್ರಿಕೆಯಾಗಿ, ಹೆಸರು ಒಬ್ಬರದು, ನಡೆಸುವವರು ಇನ್ನೊಬ್ಬರು ಎಂಬಂತಾಗಿ, 2023ರಲ್ಲಿ ಇಲ್ಲದ ವ್ಯಕ್ತಿಗಳ ಹೆಸರು ಮತ್ತು ಯಂತ್ರ ಸೃಷ್ಟಿಸಿದ ಭಾವಚಿತ್ರದ ಕೆಳಗೆ ಲೇಖನಗಳನ್ನು ಪ್ರಕಟಿಸಿದ ಆರೋಪಕ್ಕೆ ಗುರಿಯಾದದ್ದು ನಿಜಕ್ಕೂ ದುಃಖದ ಕಥೆ. ಆದರೆ ದೀರ್ಘ ಲೇಖನ ಬರೆಯುವ ನಾಲ್ಕಾರು ದೊಡ್ಡ ಹೆಸರುಗಳು ಎಲ್ಲೋ ಒಂದು ಕಡೆ ನೆಲೆ ಕಂಡುಕೊಳ್ಳುತ್ತವೆ. ಕುಸಿಯುತ್ತಿರುವುದು ಕೆಳಗಿನ ಮೆಟ್ಟಿಲು, ಅಂದರೆ ಸಣ್ಣ ಪಂದ್ಯದ ಸಣ್ಣ ವರದಿ. ಯಾರೂ ಪ್ರಶಸ್ತಿ ಕೊಡದ, ಯಾರೂ ಕತ್ತರಿಸಿ ಇಟ್ಟುಕೊಳ್ಳದ ಆ ಮುನ್ನೂರು ಪದಗಳ ವರದಿಯೇ ಕ್ರೀಡಾ ಬರಹಗಾರರ ಗರಡಿಯಾಗಿತ್ತು.

ಒಂದು ಉದಾಹರಣೆ ಕೊಡುತ್ತೇನೆ. ಶಾಲಾ ಮಟ್ಟದ ಫುಟ್‌ಬಾಲ್ ಪಂದ್ಯ ಎಂದಿಟ್ಟುಕೊಳ್ಳಿ. ಮಳೆ ಬಂದು ಮೈದಾನ ಒದ್ದೆಯಾಗಿದೆ. ಪಂದ್ಯ ಮುಗಿಯಲು ಐದು ನಿಮಿಷವಿರುವಾಗ ಹದಿನಾರು ವರ್ಷದ ಗೋಲ್‌ಕೀಪರ್ ಒಬ್ಬನ ಕೈಯಿಂದ ಚೆಂಡು ಜಾರಿ ಗೋಲಾಗುತ್ತದೆ, ಅವನ ತಂಡ ಸೋಲುತ್ತದೆ. ಅದನ್ನು ಬರೆಯದೆ ಇರುವಂತಿಲ್ಲ, ಏಕೆಂದರೆ ಪಂದ್ಯ ತೀರ್ಮಾನವಾದದ್ದೇ ಅಲ್ಲಿ. ‘ಗೋಲ್‌ಕೀಪರ್‌ನ ಕಳಪೆ ಆಟದಿಂದ ಸೋಲು’ ಎಂದು ಬರೆಯುವುದು ಸುಲಭ. ಆದರೆ ನಾಳೆ ಆ ಹುಡುಗ ಆ ಪತ್ರಿಕೆಯನ್ನು ಕೈಯಲ್ಲಿ ಹಿಡಿದ ಸಹಪಾಠಿಗಳ ನಡುವೆ ಕೂರಬೇಕು. ಒದ್ದೆ ಚೆಂಡನ್ನು ಬರೆಯಬೇಕೆ? ಅವನು ಅದಕ್ಕೆ ಮುಂಚೆ ತಡೆದ ಎರಡು ಒದೆತಗಳನ್ನು ಬರೆಯಬೇಕೆ? ಹೆಸರು ಹಾಕಬೇಕೆ, ಬೇಡವೆ? ಜಾರಿದ ಚೆಂಡು ಮೊದಲ ವಾಕ್ಯದಲ್ಲಿ ಬರಬೇಕೆ, ಮೂರನೆಯದರಲ್ಲೆ? ಎರಡು ವರ್ಷ ಇಂಥ ಪಂದ್ಯಗಳಿಗೆ ಹೋದ ವರದಿಗಾರ ಈ ಪ್ರಶ್ನೆಗಳಿಗೆಲ್ಲ ಬೇಗನೆ, ಡೆಸ್ಕಿನ ಗಡಿಯಾರ ನೋಡುತ್ತಲೇ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಮರುದಿನ ಹೆಸರಿನ ಅಕ್ಷರ ತಪ್ಪಾದರೆ ತಾಯಿಯೊಬ್ಬರು ಕಚೇರಿಗೆ ಫೋನು ಮಾಡಿ ಝಾಡಿಸುತ್ತಾರೆ. ಆ ಕಲಿಕೆಗೆ ಬೇರೆ ಯಾವ ಶಾಲೆಯೂ ಸಮನಲ್ಲ.

ಯಂತ್ರ ಮೊದಲು ಕೈಹಾಕಿದ್ದು ನಿಖರವಾಗಿ ಈ ಕೆಲಸಕ್ಕೆ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2016ರಲ್ಲೇ ಅಮೆರಿಕದ ಕೆಳ ದರ್ಜೆಯ ಬೇಸ್‌ಬಾಲ್ ಪಂದ್ಯಗಳ ವರದಿಯನ್ನು ಅಂಕಿ-ಅಂಶಗಳಿಂದ ತಾನಾಗಿಯೇ ಬರೆಯುವ ತಂತ್ರಾಂಶಕ್ಕೆ ವಹಿಸಿತು. ಬೇಸ್‌ಬಾಲ್ ಎಂಬುದು ಪ್ರತಿ ಎಸೆತವೂ ದಾಖಲಾಗುವ ಆಟವಾದ್ದರಿಂದ ಆ ವರದಿಗಳು ಚಪ್ಪೆಯಾಗಿದ್ದರೂ ಸರಿಯಾಗಿರುತ್ತಿದ್ದವು. 2023ರ ಆಗಸ್ಟ್‌ನಲ್ಲಿ ಗ್ಯಾನೆಟ್ ಸಮೂಹದ ಪತ್ರಿಕೆಗಳು ಪ್ರೌಢಶಾಲೆಯ ಪಂದ್ಯಗಳಿಗೆ ಇಂಥದೇ ಪ್ರಯೋಗ ಮಾಡಿದಾಗ ಮಾತ್ರ ಎಡವಟ್ಟಾಯಿತು. ಒಹಾಯೊ ರಾಜ್ಯದ ಪಂದ್ಯವೊಂದರ ವರದಿಯಲ್ಲಿ ತಂಡಗಳ ಅಡ್ಡಹೆಸರು ಬರಬೇಕಾದ ಕಡೆ ‘ಗೆದ್ದ ತಂಡದ ಲಾಂಛನ’, ‘ಸೋತ ತಂಡದ ಲಾಂಛನ’ ಎಂಬ ಖಾಲಿ ಜಾಗದ ಸೂಚನೆಗಳೇ ಹಾಗೆಯೇ ಅಚ್ಚಾಗಿ, ಜಗತ್ತೆಲ್ಲ ನಕ್ಕು, ಪ್ರಯೋಗ ನಿಂತಿತು. ಆ ನಗೆಯಲ್ಲಿ ನಾನು ಪಾಲುಗೊಳ್ಳಲಾರೆ. ಅಂಥ ದೋಷವನ್ನು ಒಂದು ಮಧ್ಯಾಹ್ನದಲ್ಲಿ ಸರಿಪಡಿಸಬಹುದು, ಮುಂದೆ ಬಂದ ಯಂತ್ರಗಳು ಅದಕ್ಕಿಂತ ಎಷ್ಟೋ ಸರಾಗವಾಗಿ ಬರೆಯುತ್ತವೆ. ಸರಾಗವಾಗಿ ಬರೆದ ಮೇಲೂ ಆ ಒದ್ದೆ ಮೈದಾನದ ಬದಿಯಲ್ಲಿ ಯಾರೂ ನಿಂತಿರುವುದಿಲ್ಲ ಎಂಬುದು ಉಳಿದುಕೊಳ್ಳುವ ಸಮಸ್ಯೆ.

ಇಲ್ಲಿ ಮನುಷ್ಯ ವರದಿಗಾರರ ಪರವಾಗಿಯೂ ಪೂರ್ತಿ ವಕಾಲತ್ತು ವಹಿಸಲಾಗದು. ‘ಭರ್ಜರಿ ಜಯ’, ‘ರೋಚಕ ಹಣಾಹಣಿ’, ‘ಸಿಡಿಲಬ್ಬರದ ಶತಕ’, ‘ಮುಗ್ಗರಿಸಿದ ಆತಿಥೇಯರು’ ಎಂದು ದಶಕಗಳ ಕಾಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಕೊಟ್ಟದ್ದನ್ನು ಯಂತ್ರ ಕಲಿತುಕೊಂಡರೆ ತಪ್ಪು ಯಂತ್ರದ್ದಲ್ಲ. ಯಂತ್ರ ಬರುವ ಮೊದಲೇ ನಾವು ಯಂತ್ರದಂತೆ ಬರೆಯುತ್ತಿದ್ದೆವು.

ಗರಡಿಯಲ್ಲಿ ಪಳಗಿದವರಿಗೆ ಪರೀಕ್ಷೆ ಎದುರಾಗುವುದು ದೊಡ್ಡ ರಾತ್ರಿಗಳಲ್ಲಿ. 1999ರ ಮೇ 26ರಂದು ಬಾರ್ಸಿಲೋನಾದ ಕ್ಯಾಂಪ್ ನೌ ಕ್ರೀಡಾಂಗಣದಲ್ಲಿ ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಫೈನಲ್. ಆರನೇ ನಿಮಿಷದಲ್ಲಿ ಮಾರಿಯೊ ಬಾಸ್ಲರ್ ಹೊಡೆದ ಗೋಲಿನಿಂದ ಬಯರ್ನ್ ಮ್ಯೂನಿಕ್ ಮುಂದಿತ್ತು, 90 ನಿಮಿಷ ಮುಗಿದಾಗಲೂ ಅದೇ ಸ್ಥಿತಿ. ರಾತ್ರಿ ಪಂದ್ಯಗಳ ವರದಿ ಬರೆಯುವ ಕ್ರಮ ಗೊತ್ತಿರುವವರಿಗೆ ಪ್ರೆಸ್ ಬಾಕ್ಸಿನ ಆ ಹೊತ್ತಿನ ಅವಸ್ಥೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಪಂದ್ಯದ ನಡು ಭಾಗದ ವಿವರವನ್ನು ಆಟ ನಡೆಯುತ್ತಿರುವಾಗಲೇ ಬರೆದು ಕಳಿಸಿ, ಅಂತಿಮ ಶಿಳ್ಳೆಯ ಹೊತ್ತಿಗೆ ಇಂಟ್ರೊ, ಅಂದರೆ ವರದಿಯ ಆರಂಭದ ವಾಕ್ಯಗಳನ್ನು, ಸೇರಿಸಿ ಮುಗಿಸುವುದು ವಾಡಿಕೆ. ಬಯರ್ನ್ ಗೆಲುವಿನ ಇಂಟ್ರೊ ಸಿದ್ಧವಾಗಿರಲೇಬೇಕು. ಅಷ್ಟರಲ್ಲಿ ಹೆಚ್ಚುವರಿಯಾಗಿ ಸೇರಿಸಿದ ಸಮಯದಲ್ಲಿ, ಡೇವಿಡ್ ಬೆಕಮ್ ಒದ್ದ ಎರಡು ಕಾರ್ನರ್‌ಗಳಿಂದ, ಟೆಡ್ಡಿ ಶೆರಿಂಗಮ್ ಒಂದು, ಓಲೆ ಗುನ್ನಾರ್ ಸೋಲ್ಷಾಯರ್ ಇನ್ನೊಂದು ಗೋಲು ಹೊಡೆದರು. ಮ್ಯಾಂಚೆಸ್ಟರ್ ಯುನೈಟೆಡ್ 2-1. ಒಂದೂವರೆ ಗಂಟೆಯ ಬರಹ ಎರಡು ನಿಮಿಷದಲ್ಲಿ ತಲೆಕೆಳಗಾಯಿತು. ಬರೆದದ್ದನ್ನೆಲ್ಲ ಅಳಿಸುವ ಸಮಯವಿಲ್ಲ. ಬಯರ್ನ್ ಮೇಲುಗೈ ಸಾಧಿಸಿದ್ದ ವಿವರವೇ ಈಗ ಆಘಾತದ ಹಿನ್ನೆಲೆಯಾಗುವಂತೆ ನಾಲ್ಕು ವಾಕ್ಯಗಳನ್ನು ಮೇಲೆ ಕೂರಿಸಿ, ಅಲ್ಲಲ್ಲಿ ಒಂದೊಂದು ಕ್ರಿಯಾಪದವನ್ನು ತಿದ್ದಿ ಕಳಿಸಬೇಕು. ಇದನ್ನು ನಾನು ಕೌಶಲ ಎನ್ನುತ್ತೇನೆ. ಅಲಂಕಾರಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಂಕಿ-ಅಂಶಗಳು ಇಷ್ಟು ಹೇರಳವಾಗಿರುವಾಗ ಬರಹದ ಪಾಲಿಗೆ ಏನು ಉಳಿಯುತ್ತದೆ ಎಂದು ಕೇಳುವವರಿಗೆ 2019ರ ಜುಲೈ 14ರ ವಿಶ್ವಕಪ್ ಫೈನಲ್ ನೆನಪಿಸುತ್ತೇನೆ. ನ್ಯೂಜಿಲೆಂಡ್ 241, ಇಂಗ್ಲೆಂಡ್ 241. ಸೂಪರ್ ಓವರ್ 15, 15. ಬೌಂಡರಿ ಎಣಿಕೆಯಲ್ಲಿ 26ಕ್ಕೆ 17ರಂತೆ ಇಂಗ್ಲೆಂಡ್ ಚಾಂಪಿಯನ್. ಸ್ಕೋರ್‌ಕಾರ್ಡ್ ಇಷ್ಟನ್ನೂ ಕೊಡುತ್ತದೆ. ಕೊನೆಯ ಓವರಿನಲ್ಲಿ ಮೂರು ಎಸೆತಗಳಿಗೆ ಒಂಬತ್ತು ರನ್ ಬೇಕಿದ್ದಾಗ ಒಂದು ಎಸೆತದ ಎದುರು ‘6’ ಎಂಬ ಅಂಕಿಯನ್ನೂ ಕೊಡುತ್ತದೆ. ಆ ಆರು ಸಿಕ್ಸರ್ ಅಲ್ಲ. ಎರಡನೇ ರನ್ನಿಗೆ ಬೆನ್ ಸ್ಟೋಕ್ಸ್ ಮೈಚೆಲ್ಲಿ ಹಾರಿದಾಗ, ಮಾರ್ಟಿನ್ ಗಪ್ಟಿಲ್ ಎಸೆದ ಚೆಂಡು ಅವರ ಚಾಚಿದ ಬ್ಯಾಟಿಗೆ ಬಡಿದು ಬೌಂಡರಿಗೆ ಓಡಿತು. ಸ್ಟೋಕ್ಸ್ ಎರಡೂ ಕೈ ಎತ್ತಿ ಕ್ಷಮೆ ಕೋರಿದರು. ಸೂಪರ್ ಓವರಿನ ಕೊನೆಯ ಎಸೆತದಲ್ಲಿ ರನ್‌ಔಟ್ ಆದದ್ದು ಅದೇ ಗಪ್ಟಿಲ್. ಇದೆಲ್ಲವನ್ನೂ ಕೋಟ್ಯಂತರ ಜನ ಪರದೆಯಲ್ಲಿ ಕಂಡರು, ವರದಿಗಾರ ಅವರಿಗೆ ಹೊಸದೇನನ್ನೂ ತೋರಿಸಬೇಕಾಗಿರಲಿಲ್ಲ. ಅವನ ಎದುರಿದ್ದ ಪ್ರಶ್ನೆ ಬೇರೆ: ಇದು ಇಂಗ್ಲೆಂಡ್ ಗೆದ್ದ ಕಥೆಯೋ, ನ್ಯೂಜಿಲೆಂಡ್ ಸೋಲದೆಯೂ ಕಪ್ ಕಳೆದುಕೊಂಡ ಕಥೆಯೋ, ನಿಯಮವೊಂದು ನಗೆಪಾಟಲಾದ ಕಥೆಯೋ? ಯಾವುದನ್ನು ಮೊದಲ ವಾಕ್ಯಕ್ಕೆ ತಂದರೂ ಉಳಿದೆರಡಕ್ಕೆ ಅನ್ಯಾಯವಾಗದಂತೆ ಬರೆಯಬೇಕಿತ್ತು. ಮೂರನೆಯ ಕಥೆಗೆ ಬಲವಿದೆಯೆಂದು ಅದೇ ಅಕ್ಟೋಬರ್‌ನಲ್ಲಿ ಐಸಿಸಿಯೇ ತೋರಿಸಿಕೊಟ್ಟಿತು, ಬೌಂಡರಿ ಎಣಿಕೆಯ ನಿಯಮವನ್ನು ಕೈಬಿಟ್ಟು.

ಇದೇ ಸಂದರ್ಭದಲ್ಲಿ ಒಂದು ಹೊಸ ಪ್ರಕಾರಕ್ಕೂ ಮನ್ನಣೆ ಸಲ್ಲಬೇಕು. 1993ರಲ್ಲಿ ಕ್ರಿಕ್‌ಇನ್ಫೊ ಶುರುವಾದ ಮೇಲೆ ಬೆಳೆದ ಎಸೆತದಿಂದ ಎಸೆತಕ್ಕೆ ಬರೆಯುವ ಲಿಖಿತ ಕಾಮೆಂಟರಿಯನ್ನು ಸಾಹಿತ್ಯದ ಮಾತು ಬಂದಾಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಏಕದಿನ ಪಂದ್ಯವೊಂದರಲ್ಲಿ ಆರುನೂರು ಎಸೆತಗಳು. ಅಷ್ಟಕ್ಕೂ ಒಂದೊಂದು ವಾಕ್ಯ, ಅದೂ ಮುಂದಿನ ಎಸೆತ ಬೀಳುವುದರೊಳಗೆ. ಆಫ್ ಸ್ಟಂಪಿನ ಹೊರಗೆ ಬಿದ್ದ ಚೆಂಡನ್ನು ಬ್ಯಾಟರ್ ಆಡದೆ ಬಿಟ್ಟ ಎಂಬುದನ್ನು ನೂರನೆಯ ಸಲವೂ ಓದುವಂತೆ ಬರೆಯಬಲ್ಲವರನ್ನು ಕಂಡರೆ ನನಗೆ ಅಂಕಣಕಾರರಿಗಿಂತ ಹೆಚ್ಚು ಗೌರವ.

ಬೆಲೆ ನಿಜವಾಗಿಯೂ ಕುಸಿದಿರುವುದು ಉಲ್ಲೇಖಗಳಿಗೆ. ಪತ್ರಿಕಾಗೋಷ್ಠಿಯಲ್ಲಿ ನಾಯಕ ಹೇಳುವ ‘ಹುಡುಗರು ಚೆನ್ನಾಗಿ ಆಡಿದರು’ ಎಂಬ ಮಾತು ಅದೇ ಕ್ಷಣದಲ್ಲಿ ನೂರು ಕಡೆ ಪ್ರಕಟವಾಗುತ್ತದೆ. ಆಟಗಾರರು ತಮ್ಮ ಮಾತನ್ನು ತಮ್ಮದೇ ಖಾತೆಗಳಲ್ಲಿ ಹೇಳುತ್ತಾರೆ, ಕ್ಲಬ್ಬುಗಳು ತಮ್ಮದೇ ಚಾನೆಲ್ ನಡೆಸುತ್ತವೆ. ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ 2021ರ ಫ್ರೆಂಚ್ ಓಪನ್‌ನಲ್ಲಿ ಮಾನಸಿಕ ಆರೋಗ್ಯದ ಕಾರಣ ನೀಡಿ ಪತ್ರಿಕಾಗೋಷ್ಠಿಗೆ ಹಾಜರಾಗದೆ, 15,000 ಡಾಲರ್ ದಂಡ ಹಾಕಿಸಿಕೊಂಡು, ಕೊನೆಗೆ ಟೂರ್ನಿಯಿಂದಲೇ ಹಿಂದೆ ಸರಿದಾಗ ಹಲವು ಪತ್ರಕರ್ತರು ಸಿಡಿಮಿಡಿಗೊಂಡರು. ಆ ಗೋಷ್ಠಿಗಳಿಂದ ಓದುಗನಿಗೆ ದಕ್ಕುತ್ತಿದ್ದದ್ದಾದರೂ ಏನು ಎಂದು ಕೇಳಿಕೊಂಡವರು ಕಡಿಮೆ.

ಹೇಳಿಕೆ ಸಿಗದ ಕಡೆಯೇ ಬರಹದ ಬೆಲೆ ಏರುತ್ತದೆ. ಸೈಕಲ್ ಸ್ಪರ್ಧಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರ ತನಕ ಸತತ ಏಳು ಸಲ ಟೂರ್ ಡಿ ಫ್ರಾನ್ಸ್ ಗೆದ್ದಾಗ ಉದ್ದೀಪನ ಮದ್ದಿನ ಬಳಕೆಯ ಬಗ್ಗೆ ಸಂಶಯಪಟ್ಟು ಬರೆದ ಬೆರಳೆಣಿಕೆಯ ಪತ್ರಕರ್ತರಲ್ಲಿ ‘ಸಂಡೇ ಟೈಮ್ಸ್’ನ ಡೇವಿಡ್ ವಾಲ್ಷ್ ಒಬ್ಬರು. ಪತ್ರಿಕೆ ಮಾನನಷ್ಟ ಮೊಕದ್ದಮೆ ಎದುರಿಸಿ 2006ರಲ್ಲಿ ಹಣ ಕೊಟ್ಟು ರಾಜಿಯಾಗಬೇಕಾಯಿತು. 2012ರಲ್ಲಿ ಆರ್ಮ್‌ಸ್ಟ್ರಾಂಗ್ ಅವರ ಪ್ರಶಸ್ತಿಗಳು ರದ್ದಾದ ಮೇಲೆ, ಪತ್ರಿಕೆಯೇ ಅವರ ಮೇಲೆ ಮೊಕದ್ದಮೆ ಹೂಡಿ ಮರುವರ್ಷ ಇತ್ಯರ್ಥ ಮಾಡಿಕೊಂಡಿತು. ಇಂಥ ವರದಿಯಲ್ಲಿ ಉಪಮೆಗೆ ಜಾಗವಿಲ್ಲ. ಗೊತ್ತಿರುವುದಕ್ಕಿಂತ ಒಂದು ಪದವೂ ಹೆಚ್ಚಿರಬಾರದು, ಗೊತ್ತಿರುವುದರಲ್ಲಿ ಒಂದು ಪದವೂ ಕಡಿಮೆಯಾಗಬಾರದು, ವಕೀಲ ಎಲ್ಲಿ ಎಳೆದರೂ ವಾಕ್ಯ ಬಿಚ್ಚಿಕೊಳ್ಳಬಾರದು. ಒದ್ದೆ ಚೆಂಡಿನ ಹುಡುಗನ ಬಗ್ಗೆ ಅಳೆದು ತೂಗಿ ಬರೆಯಲು ಕಲಿತವನಿಗೆ ಮಾತ್ರ ಆ ಹಿಡಿತ ಬರುತ್ತದೆ ಎಂದು ನನ್ನ ನಂಬಿಕೆ.

ಓದುಗರ ಚಂದಾದಿಂದಲೇ ನಡೆಯುವ ತಾಣಗಳು ಕೆಳಗಿನ ಮೆಟ್ಟಿಲಿನ ಈ ಕುಸಿತಕ್ಕೆ ಪರಿಹಾರ ಎಂದು ಹೇಳುವವರಿದ್ದಾರೆ. ಆಡಳಿತ ಮಂಡಳಿಯ ಜೊತೆ ಜಗಳವಾಡಿ 2019ರಲ್ಲಿ ‘ಡೆಡ್‌ಸ್ಪಿನ್’ ಎಂಬ ಅಮೆರಿಕದ ಕ್ರೀಡಾ ತಾಣದಿಂದ ಒಟ್ಟಾಗಿ ಹೊರಬಂದ ಬರಹಗಾರರು ಮರುವರ್ಷ ತಾವೇ ಮಾಲೀಕರಾಗಿ ಆರಂಭಿಸಿದ ‘ಡಿಫೆಕ್ಟರ್’ ಉಳಿದುಕೊಂಡಿದೆ, ಅದು ಸಂತೋಷದ ವಿಷಯ. ಆದರೆ ಅವರಿಗೆ ಚಂದಾದಾರರು ಬಂದದ್ದು ಹೆಸರು ಮೊದಲೇ ಇದ್ದುದರಿಂದ, ಆ ಹೆಸರು ಬೆಳೆದದ್ದು ಇನ್ನೊಬ್ಬರ ಸಂಬಳದಲ್ಲಿ. ಹೆಸರಿಲ್ಲದ ಇಪ್ಪತ್ತೆರಡು ವರ್ಷದವರ ಮುನ್ನೂರು ಪದಗಳಿಗೆ ಯಾರೂ ತಿಂಗಳ ಚಂದಾ ಕಟ್ಟುವುದಿಲ್ಲ.

ಹಾಗಾಗಿ ಸಣ್ಣ ಪಂದ್ಯಗಳಿಗೆ ಹೊಸಬರನ್ನು ಕಳಿಸುವ ಖರ್ಚನ್ನು ಸಂಪಾದಕರು ತರಬೇತಿಯ ಖರ್ಚು ಎಂದೇ ಬರೆದುಕೊಳ್ಳಬೇಕು, ಓದುಗರ ಸಂಖ್ಯೆಯಿಂದ ಅದನ್ನು ಅಳೆಯಬಾರದು. ಸ್ಕೋರನ್ನು ಯಂತ್ರವೇ ಕೊಡಲಿ, ಅದರಲ್ಲಿ ತಕರಾರಿಲ್ಲ. ವಾರಕ್ಕೊಂದು ಸಣ್ಣ ಪಂದ್ಯಕ್ಕೆ ಇಬ್ಬರು ಹೊಸಬರನ್ನು ಒಟ್ಟಿಗೆ ಕಳಿಸಿ, ಸ್ಕೋರ್ ಬರೆಯುವಂತಿಲ್ಲ ಎಂಬ ಒಂದೇ ಷರತ್ತಿನ ಮೇಲೆ ಬೇರೆ ಬೇರೆಯಾಗಿ ಬರೆಸಿ, ಎರಡೂ ವರದಿಗಳನ್ನು ಅಕ್ಕಪಕ್ಕದಲ್ಲಿ ಪ್ರಕಟಿಸುವ ಪತ್ರಿಕೆ ಸಿಕ್ಕರೆ ನಾನು ಚಂದಾ ಕಟ್ಟಲು ಸಿದ್ಧನಿದ್ದೇನೆ.